ಶಿವಪ್ಪಣ್ಣನ ಪಿಕ್‌ಅಪ್‌ಗೆ ಟೈರು ಆರಿಸಿದ್ದು

ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಒಂದು ಟೈರಿನ ಅಳತೆಗೆ ಫೋನ್ ಮಾಡಿದೆ. ಗಿರಾಕಿಯೊಬ್ಬ ಅವಸರದಲ್ಲಿ “ಒನ್ ನೈಂಟಿಫೈವ್, ಸಿಕ್ಸ್‌ಟಿಫೈವ್, ಫಿಫ್ಟೀನ್” ಎಂದು ಹೇಳಿ ಫೋನ್ ಇಟ್ಟಿದ್ದ. ಅದು ಅವನ ಮನೆಯ ನಂಬರ್ ಇರಬೇಕೆಂದು ಬರೆದುಕೊಂಡೆ. ಮಧ್ಯಾಹ್ನ ಮಾಲೀಕ ಹ್ಯಾರಿ ವಿಚಾರಿಸಿದಾಗ, “ಮೂರು ಸಲ ಪ್ರಯತ್ನಿಸಿದೆ, ಆ ನಂಬರ್ ಹತ್ತುತ್ತಲೇ ಇಲ್ಲ” ಎಂದೆ. ಹ್ಯಾರಿ ನನ್ನ ಕೈಯಲ್ಲಿದ್ದ ಚೀಟಿಯನ್ನು ನೋಡಿದರು. ಆಮೇಲೆ ಒಳಗೆ ಹೋಗಿ, ಟೈರ್ ಜೋಡಿಸುತ್ತಿದ್ದವರಿಗೆಲ್ಲ ಅದನ್ನು ಓದಿ ಹೇಳಿದರು. ಆ ದಿನ ಲಂಡನ್ನಿನ ಪಾರ್ಕ್ ರಾಯಲ್‌ನ ನಮ್ಮ ಷೆಡ್ಡಿನಲ್ಲಿ ಎದ್ದ ನಗು ಪಕ್ಕದ ಬಿಸ್ಕತ್ತು ಕಾರ್ಖಾನೆಗೂ ಕೇಳಿಸಿರಬೇಕು.

ಅದು ತೊಂಬತ್ತರ ದಶಕದ ಆರಂಭ. ವಿಜಯಪುರದಲ್ಲಿ ಬಿ.ಕಾಂ. ಮುಗಿಸಿ, ಮದುವೆಯಾಗಿ ಕಿಂಗ್ಸ್‌ಬರಿಗೆ ಬಂದಿದ್ದ ನನಗೆ ವಾಹನ ಎಂದರೆ ಹತ್ತಿ ಕೂರುವಂಥದ್ದು, ಅಷ್ಟೇ ಗೊತ್ತಿದ್ದುದು. ಫೋನ್ ಎತ್ತುವುದಕ್ಕೆಂದು ಸೇರಿದ ನಾನು ನಿವೃತ್ತಿಯಾಗುವ ಹೊತ್ತಿಗೆ ಆ ಅಂಗಡಿಯಲ್ಲಿ ಯಾವ ಗಾಡಿಗೆ ಯಾವ ಟೈರು ಎಂದು ಹೇಳುವವಳಾಗಿದ್ದೆ. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗಿಯರು ಇಬ್ಬರು ಮೂವರು ನನ್ನನ್ನು ಹುಡುಕಿಕೊಂಡು ಬಂದು, “ಆಂಟಿ, ನೀವು ಹೇಗೆ ಕಲಿತಿರಿ?” ಎಂದು ಕೇಳಿದ್ದಾರೆ. ಅವರಿಗೆ ಹೇಳಬೇಕಾದುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕಲಿಸಿದವರು ಡೆಸ್ಮಂಡ್. ಜಮೈಕಾದಲ್ಲಿ ಹುಟ್ಟಿ, ಹದಿಹರೆಯದಲ್ಲಿ ಲಂಡನ್ನಿಗೆ ಬಂದು, ಟೈರ್ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ನನ್ನ ಹೆಸರು ಸುಮಿತ್ರಾ. ಅಂಗಡಿಯಲ್ಲಿ ಎಲ್ಲರೂ ಅದನ್ನು ‘ಸೂ’ ಎಂದು ತುಂಡು ಮಾಡಿದಾಗ ಪೂರ್ತಿ ಹೆಸರು ಹಿಡಿದು ಕರೆದವರು ಅವರೊಬ್ಬರೇ. ಒಂದು ದಿನ ಊಟದ ಬಿಡುವಿನಲ್ಲಿ ನನ್ನನ್ನು ಒಂದು ಹಳೆಯ ಟೈರಿನ ಮುಂದೆ ನಿಲ್ಲಿಸಿ, “ಕಣ್ಣು ಮುಚ್ಚಿ ಕೈಯಾಡಿಸು” ಎಂದರು. ಒಳಗಿನಿಂದ ಹೊರಗೆ ಸವರಿದರೆ ನುಣುಪು. ಹೊರಗಿನಿಂದ ಒಳಗೆ ಸವರಿದರೆ ಈಳಿಗೆಮಣೆಯ ಅಂಚಿನ ಹಾಗೆ ಚುಚ್ಚುತ್ತಿತ್ತು. “ಇದರ ಚಕ್ರ ನೇರ ಓಡಿಲ್ಲ. ರಸ್ತೆಯ ಮೇಲೆ ಅಡ್ಡಡ್ಡ ತೇಯ್ದುಕೊಂಡು ಹೋಗಿದೆ. ಗಿರಾಕಿ ಟೈರ್ ಕೆಟ್ಟದ್ದು ಅಂತಾನೆ. ನೀನು ಅವನ ಮಾತು ಕೇಳು, ಆದರೆ ಟೈರನ್ನೂ ಮುಟ್ಟಿ ನೋಡು” ಎಂದರು. ಅಂದಿನಿಂದ ನನ್ನ ಅಂಗೈಯ ಕಪ್ಪು ಪೂರ್ತಿ ಹೋಗಲೇ ಇಲ್ಲ. ಹಬ್ಬದ ದಿನ ಹೋಳಿಗೆ ಕಣಕ ನಾದುವ ಮೊದಲು ನನ್ನ ಗಂಡ ಮಾಧವ ನನ್ನ ಕೈಗಳನ್ನು ತಪಾಸಣೆ ಮಾಡುತ್ತಿದ್ದರು.

ಕೆಲಸದ ರೀತಿ ನಮ್ಮ ಕಣ್ಣೆದುರಿಗೇ ಬದಲಾಯಿತು. ಮೊದಲು ಗೋಡೆಗೆ ದಾರ ಕಟ್ಟಿ ನೇತುಹಾಕಿದ್ದ ದಪ್ಪ ಪುಸ್ತಕ ತಿರುವಿ ಅಳತೆ ಹುಡುಕುತ್ತಿದ್ದೆವು. ಆಮೇಲೆ ಕಂಪ್ಯೂಟರ್ ಬಂತು, ಗಾಡಿಯ ನಂಬರ್ ಒತ್ತಿದರೆ ಅಳತೆ ತಾನೇ ಬರುವ ಹಾಗಾಯಿತು. ಎರಡು ಸಾವಿರದ ನಂತರ ಗಿರಾಕಿಗಳು ಇಂಟರ್ನೆಟ್ಟಿನಲ್ಲಿ ಓದಿದ್ದನ್ನು ಹಾಳೆಯಲ್ಲಿ ಮುದ್ರಿಸಿಕೊಂಡು ಬರತೊಡಗಿದರು. ಆ ಹಾಳೆಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿನ ಮರುಭೂಮಿ, ಬೆಟ್ಟ, ಹಿಮದಲ್ಲಿ ಓಡಿದ ಟೈರುಗಳ ಹೊಗಳಿಕೆ. ಅದನ್ನು ಹಿಡಿದು ಬಂದವರು ಮಾತ್ರ ಈಲಿಂಗ್, ಹ್ಯಾರೋ, ವೆಂಬ್ಲಿಯ ಡಾಂಬರು ರಸ್ತೆಯವರು.

ಶಿವಪ್ಪಣ್ಣ ಬಂದದ್ದೂ ಅಂಥ ನಾಲ್ಕು ಹಾಳೆ ಹಿಡಿದುಕೊಂಡೇ.

ಅವರು ಕಲಬುರಗಿಯವರು. ಗ್ರೀನ್‌ಫರ್ಡ್‌ನ ಒಂದು ಗೋದಾಮಿನಲ್ಲಿ ಅಡುಗೆಮನೆ ಇಟ್ಟು, ನಮ್ಮ ಜನರ ಮದುವೆ, ಸೀಮಂತ, ಗೃಹಪ್ರವೇಶಗಳಿಗೆ ಊಟ ಮಾಡಿಕೊಡುತ್ತಿದ್ದರು. ಅವರ ಖಡಕ್ ರೊಟ್ಟಿ, ಎಣ್ಣೆಗಾಯಿ ತಿನ್ನದ ಕನ್ನಡದವರು ವಾಯವ್ಯ ಲಂಡನ್ನಿನಲ್ಲಿ ಇರಲಿಲ್ಲ. ಹಳೆಯ ವ್ಯಾನ್ ಮಾರಿ, ಹಿಂದೆ ಪಾತ್ರೆ ಇಡಲು ಮುಚ್ಚಿದ ತೊಟ್ಟಿಯೂ ಮುಂದೆ ಎರಡು ಸಾಲು ಸೀಟೂ ಇದ್ದ ಪಿಕ್‌ಅಪ್ ಕೊಂಡಿದ್ದರು. ಪಿಕ್‌ಅಪ್‌ಗಳು ಖಾಲಿ ಇದ್ದಾಗ ಹಿಂಭಾಗ ಸ್ವಲ್ಪ ಎತ್ತರ, ಮೂತಿ ತಗ್ಗು. ಭಾರ ಹೇರಿದಾಗ ಸಮವಾಗಲಿ ಎಂದೇ ಹಾಗೆ ಮಾಡಿರುತ್ತಾರೆ. ಶಿವಪ್ಪಣ್ಣನಿಗೆ ಅದು ಹಿಡಿಸಲಿಲ್ಲ. ಗೆಳೆಯನ ಗ್ಯಾರೇಜಿನಲ್ಲಿ ಮುಂಭಾಗವನ್ನು ಎರಡು ಇಂಚು ಎತ್ತಿಸಿ ಸಮ ಮಾಡಿಸಿದ್ದರು. ಇದಕ್ಕೆ ಲೆವೆಲಿಂಗ್ ಎನ್ನುತ್ತಾರೆ.

“ತಂಗೆವ್ವ, ಗಾಡಿ ಈಗ ಗೂಳಿ ನಿಂತಂಗ ನಿಂತದ. ಆದ್ರ ಕಾಲು ನೋಡು, ಕುರಿ ಕಾಲು ಇದ್ದಂಗ ಅವ. ಈ ಚಿತ್ರದಾಗಿನ ಟೈರ್ ಹಾಕಿಕೊಡು” ಎಂದು ಹಾಳೆ ಮುಂದಿಟ್ಟರು. ಕೆಸರಿಗೆಂದೇ ಮಾಡಿದ, ಅಂಗೈ ಅಗಲದ ರಬ್ಬರ್ ಗಡ್ಡೆಗಳ ದೊಡ್ಡ ಟೈರು. ಕಂಪನಿ ಕೊಟ್ಟ ಅಳತೆಗಿಂತ ಎತ್ತರ, ಅಗಲ ಎರಡೂ ಹೆಚ್ಚು.

ಡೆಸ್ಮಂಡ್ ಆ ವಾರ ರಜೆಯಲ್ಲಿದ್ದರು. ಹ್ಯಾರಿ ಗಾಜಿನ ಆಚೆಯಿಂದ ನನ್ನನ್ನೇ ನೋಡುತ್ತಿದ್ದರು. ಊರ ಕಡೆಯವರು, ಅದೂ ಇಡೀ ಸಮಾಜಕ್ಕೆ ಬೇಕಾದವರು, ಹುಡುಕಿಕೊಂಡು ನನ್ನ ಹತ್ತಿರವೇ ಬಂದಿದ್ದಾರೆ ಎಂಬ ಹಿಗ್ಗು ಬೇರೆ. “ಆಗ್ಲಿ ಅಣ್ಣಾರ, ಹಾಕೋಣ” ಎಂದುಬಿಟ್ಟೆ. ಎಲ್ಲಿ ಓಡಿಸುತ್ತೀರಿ ಎಂದು ಒಂದು ಮಾತು ಕೇಳಲಿಲ್ಲ. ನನ್ನ ವೃತ್ತಿಯ ಅತಿ ದೊಡ್ಡ ತಪ್ಪು ಅದೇ. ಅಳತೆಯನ್ನು ಫೋನ್ ನಂಬರ್ ಅಂದುಕೊಂಡದ್ದು ಅದರ ಮುಂದೆ ಏನೂ ಅಲ್ಲ.

ಮೂರು ವಾರ ಕಳೆದ ಮೇಲೆ ಶಿವಪ್ಪಣ್ಣ ಬಂದರು. ದೂರಲು ಬಂದಿರಲಿಲ್ಲ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆ ಏನೋ ‘ಕರ್’ ಎನ್ನುತ್ತದೆ, ಅದನ್ನಷ್ಟು ನೋಡು ಎಂದರು. ಟೈರು ಚಕ್ರದ ಮೇಲಿನ ಪ್ಲಾಸ್ಟಿಕ್ಕನ್ನು ಉಜ್ಜಿ ತೂತು ಮಾಡಿತ್ತು. ಅದನ್ನು ನೋಡುತ್ತಲೇ ಮುಂದಿನ ಟೈರಿನ ಮೇಲೆ ಕೈಯಾಡಿಸಿದೆ. ಮೂರೇ ವಾರಕ್ಕೆ ಒಳಗಿನ ಅಂಚು ಚುಚ್ಚುತ್ತಿತ್ತು. ಮುಂಭಾಗ ಎತ್ತಿದ ಮೇಲೆ ಚಕ್ರಗಳ ನೇರ, ಅಂದರೆ ಅಲೈನ್‌ಮೆಂಟ್, ಯಾರೂ ಸರಿಪಡಿಸಿರಲಿಲ್ಲ. ನಾನೂ ನೋಡಿರಲಿಲ್ಲ.

“ಮತ್ತೇನಾದ್ರೂ ಆಗೇತೇನ್ರಿ ಅಣ್ಣಾರ?” ಎಂದೆ.

ಅವರು ಹೇಳಿದರು. ಹಿಂದಿನ ಶನಿವಾರ ಮಳೆಯಲ್ಲಿ ರೌಂಡಬೌಟ್ ಹತ್ತಿರ ಬ್ರೇಕ್ ಒತ್ತಿದಾಗ ಗಾಡಿ ನಿಲ್ಲಬೇಕಾದ ಗೆರೆ ದಾಟಿ ಒಂದು ಗಾಡಿಯುದ್ದ ಜಾರಿ ನಿಂತಿತ್ತು. ಎದುರಿನಿಂದ ಯಾರೂ ಬರುತ್ತಿರಲಿಲ್ಲ. ಹಿಂದೆ ಸಾರಿನ ಪಾತ್ರೆ ಉರುಳಿತ್ತು. “ಸಾರು ಹೋದ್ರ ಹೋಗ್ಲಿ, ಮತ್ತ ಮಾಡ್ದೆ. ಆದ್ರ ನಮ್ಮಾಕಿ ಮಹಾದೇವಿ ಮೂರು ವಾರದಿಂದ ಗಾಡಿಯಾಗ ಬಾಯಿನೇ ಬಿಡವಲ್ಲಳು. ನಾ ಏನರೆ ಅಂದ್ರ ಕಿಟಕಿ ಕಡಿ ಮಾರಿ ತಿರುಗಿಸ್ತಾಳ. ಗಾಡಿ ತಗೊಂಡಿದ್ದೇ ಸಿಟ್ಟು ಅದ ಅಕಿಗೆ.”

ಡಾಂಬರಿನ ಮೇಲೆ ಕೆಸರಿನ ಟೈರಿನ ತೊಂದರೆಯೇ ಅದು. ಗಡ್ಡೆಗಳ ನಡುವೆ ಅಗಲವಾದ ಸಂದು ಇರುವುದರಿಂದ ರಸ್ತೆಯನ್ನು ಮುಟ್ಟುವ ರಬ್ಬರ್ ಕಡಿಮೆ. ಒದ್ದೆಯಾದಾಗ ಹಿಡಿತ ಇನ್ನೂ ಕಡಿಮೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾರಿದ್ದೆ. ಆ ರೌಂಡಬೌಟಿನಲ್ಲಿ ಎದುರಿಗೆ ಯಾರಾದರೂ ಇದ್ದಿದ್ದರೆ?

ಆ ಟೈರುಗಳನ್ನು ವಾಪಸು ತೆಗೆದುಕೊಳ್ಳೋಣ ಎಂದು ಹ್ಯಾರಿಗೆ ಹೇಳಿದೆ. “ಓಡಿಸಿದ ಟೈರನ್ನು ವಾಪಸು ತೆಗೆದುಕೊಳ್ಳುವ ಅಂಗಡಿ ಲಂಡನ್ನಿನಲ್ಲೇ ಇಲ್ಲ. ಅವನು ಕೇಳಿದ್ದನ್ನೇ ಕೊಟ್ಟಿದ್ದೀಯ” ಎಂದರು. ಡೆಸ್ಮಂಡ್ ಚಹಾ ಕಲಕುತ್ತ, “ಅವರು ಕೇಳಿದರು, ನಿಜ. ನೀನು ಏನು ಕೇಳಿದೆ?” ಎಂದರು.

ಬುಧವಾರ ಮಧ್ಯಾಹ್ನ ನನಗೆ ಬಿಡುವು. ಶಿವಪ್ಪಣ್ಣನಿಗೆ ಫೋನ್ ಮಾಡಿ, ಅವರು ದಿನವೂ ಓಡಾಡುವ ದಾರಿಯಲ್ಲಿ ನನ್ನನ್ನೂ ಕರೆದೊಯ್ಯಿರಿ, ಅತ್ತಿಗೆಯ ಸ್ಥಾನದ ಮಹಾದೇವಿ ವೈನಿಯೂ ಬರಲಿ ಎಂದೆ. ಗಿರಾಕಿಯ ಗಾಡಿಯಲ್ಲಿ ಕೂತು ನೋಡಿ ಟೈರು ಆರಿಸಿದವರು ನಮ್ಮ ಅಂಗಡಿಯಲ್ಲಿ ಅದುವರೆಗೆ ಇರಲಿಲ್ಲ.

ಗ್ರೀನ್‌ಫರ್ಡ್‌ನಿಂದ ಕಿಂಗ್ಸ್‌ಬರಿಗೆ, ಅಲ್ಲಿಂದ ವೆಂಬ್ಲಿಯ ತರಕಾರಿ ಅಂಗಡಿಗೆ, ಮತ್ತೆ ವೆಸ್ಟರ್ನ್ ಅವೆನ್ಯೂ ಹಿಡಿದು ಪಶ್ಚಿಮಕ್ಕೆ, ಮೋಟರ್‌ವೇ ಎಂಬ ಹೆದ್ದಾರಿಯಲ್ಲಿ ಸ್ವಲ್ಪ ದೂರ. ಪೂರಾ ಡಾಂಬರು. ಮಣ್ಣು ಸಿಗುವುದು ಒಂದೇ ಕಡೆ, ಹೇರ್‌ಫೀಲ್ಡ್ ಹತ್ತಿರದ ಒಂದು ತೋಟದಲ್ಲಿ. ಬೇಸಿಗೆಯಲ್ಲಿ ಅಲ್ಲಿ ಬಿಳಿ ಡೇರೆ ಹಾಕಿ ಮದುವೆ ಮಾಡುತ್ತಾರೆ, ಶಿವಪ್ಪಣ್ಣ ಹುಲ್ಲಿನ ಮೇಲೆ ಹಾದು ಡೇರೆಯ ಹಿಂದೆ ನಿಲ್ಲಿಸಬೇಕು.

ಗಾಡಿಯೊಳಗಿನ ಸದ್ದು ನಾನು ಊಹಿಸಿದ್ದಕ್ಕಿಂತ ಹೆಚ್ಚಿತ್ತು. ನಲವತ್ತು ಮೈಲಿ ವೇಗ ದಾಟಿದೊಡನೆ ಹಿಟ್ಟಿನ ಗಿರಣಿಯಲ್ಲಿ ಕೂತಂತೆ ಒಂದೇ ಸಮ ಗುಂಯ್‌ಗುಡುತ್ತಿತ್ತು. ದೊಡ್ಡ ಟೈರಿನಿಂದ ವೇಗದ ಮುಳ್ಳು ಎಷ್ಟು ತಪ್ಪು ತೋರಿಸುತ್ತದೆ ಎಂದೂ ತಿಳಿಯಬೇಕಿತ್ತು. ಟೈರು ಎತ್ತರವಾದರೆ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ. ಮುಳ್ಳಿಗೆ ಅದು ಗೊತ್ತಾಗುವುದಿಲ್ಲ. ಮೋಟರ್‌ವೇ ಅಂಚಿನಲ್ಲಿ ನೂರು ಮೀಟರಿಗೊಂದು ಪುಟ್ಟ ಕಂಬ ಇರುತ್ತದೆ. ಅರವತ್ತು ಮೈಲಿ ವೇಗದಲ್ಲಿ ಅಂಥ ಹದಿನಾರು ಕಂಬ ದಾಟಲು ಒಂದು ನಿಮಿಷ ಬೇಕು. ವೈನಿಯ ಕೈಗೆ ಅಡುಗೆಮನೆಯ ಟೈಮರ್ ಕೊಟ್ಟು, ನಾನು “ಈಗ!” ಎಂದಾಗ ಒತ್ತಿ ಎಂದು ಮೊದಲೇ ಹೇಳಿಟ್ಟಿದ್ದೆ.

ಹಿಂದಿನ ಸೀಟಿನಿಂದ “ಈಗ!” ಎಂದೆ. ವೈನಿ ಒತ್ತಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಅವರು ಕಿಟಕಿಯಾಚೆ ನೋಡುತ್ತಲೇ ಇದ್ದರು.

“ನೋಡ್ದೇನು? ಹಿಂಗೇ ಮಾಡ್ತಾಳ!” ಎಂದು ಶಿವಪ್ಪಣ್ಣ ಕೂಗಿದರು. ಆಮೇಲೆ ನಾನೇ ಟೈಮರ್ ಇಸಿದುಕೊಂಡು ಎಣಿಸಿದೆ. ಮುಳ್ಳು ಅರವತ್ತು ತೋರಿಸುವಾಗ ನಾವು ಅರವತ್ತಮೂರರ ಹತ್ತಿರ ಓಡುತ್ತಿದ್ದೆವು. ಇಲ್ಲಿನ ಕಾನೂನಿನಲ್ಲಿ ಮುಳ್ಳು ಹೆಚ್ಚು ತೋರಿಸಬಹುದು, ಕಡಿಮೆ ತೋರಿಸುವ ಹಾಗಿಲ್ಲ.

ತೋಟ ಮುಟ್ಟಿದ ಮೇಲೆ ಶಿವಪ್ಪಣ್ಣ ಅಲ್ಲಿನ ರೈತನ ಜೊತೆ ಮುಂದಿನ ತಿಂಗಳ ಮದುವೆಯ ಮಾತಿಗೆ ಹೋದರು. ನಾನು ಗೇಟಿನ ಬಳಿ ನೆಲ ಮೆಟ್ಟಿ ನೋಡುತ್ತಿದ್ದೆ. ವೈನಿ ಹತ್ತಿರ ಬಂದು ನಿಂತರು.

“ಸುಮಿತ್ರಾ, ನೀ ಅಲ್ಲಿ ನನ್ನ ಕರದ್ಯಾ?”

“ಎರಡು ಸರ್ತಿ ಕರದೆ ವೈನಿ.”

ಅವರು ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಹೇಳಿದರು: “ನನಗ ಕೇಳಸವಲ್ದು. ಎರಡು ವರ್ಷ ಆತು, ಸಣ್ಣಗ ಆಗ್ಲಾಕತ್ತದ. ಮನ್ಯಾಗ ತುಟಿ ನೋಡಿ ತಿಳ್ಕೋತೀನಿ. ಗಾಡಿಯಾಗ ಅವ್ರು ಮುಂದ ನೋಡ್ತಾರ, ತುಟಿ ಕಾಣಂಗಿಲ್ಲ. ಮೊದ್ಲಿನ ವ್ಯಾನ್‌ನಾಗ ಹೆಂಗೋ ಕೇಳಸ್ತಿತ್ತು. ಈಗ ಏನೂ ಇಲ್ಲ, ಬರೇ ಗುಂಯ್. ಜಿಪಿ ಡಾಕ್ಟರ್ ದೊಡ್ಡ ದವಾಖಾನಿಗೆ ಹೋಗಾಕ ಚೀಟಿ ಕೊಟ್ಟಾನ. ಕಪಾಟಿನ್ಯಾಗ ಇಟ್ಟೀನಿ.”

“ಅಣ್ಣಾರಿಗೆ ಹೇಳಿಲ್ಲೇನು?”

“ಹೆಂಗ ಹೇಳ್ಲಿ? ಮುದುಕಿ ಆದ್ಲು ಅಂತಾರ. ದಿನಾ ಪೂರ್ತಿ ಅಡಿಗಿಮನ್ಯಾಗ ಆರು ಮಂದಿ ನಡುವ ಇರ್ತೀವಿ. ನಾವಿಬ್ರೇ ಇರೋದು ಈ ಗಾಡಿಯಾಗ ಅಷ್ಟ. ಇಲ್ಲೇ ಹೇಳಬೇಕಂತ ಮಾಡಿದ್ದೆ. ಹೇಳಿದ್ರ ಅವ್ರು ಏನಂದ್ರು ಅಂತ ನನಗ ಕೇಳಸಬೇಕಲ್ಲ?” ಎಂದು ನಕ್ಕುಬಿಟ್ಟರು. ಕಣ್ಣಲ್ಲಿ ಮಾತ್ರ ನೀರಿತ್ತು. “ನೀ ಹೇಳಬ್ಯಾಡ ಮತ್ತ.”

ನಾನು ಹೇಳುವುದಿಲ್ಲ ಎಂದೆ. ಅಂಗಡಿಗೆ ಹೋಗಿ ಹ್ಯಾರಿಯ ಮುಂದೆ ನಿಂತೆ. ಕಿವಿಯ ವಿಷಯ ಎತ್ತಲಿಲ್ಲ. “ನಾನು ಒಂದೂ ಪ್ರಶ್ನೆ ಕೇಳದೆ ಮಾರಿದ್ದೇನೆ. ತಪ್ಪು ನನ್ನದು, ಅಂಗಡಿಯದೂ ಆಗುತ್ತದೆ. ಒಮ್ಮೆ ನೀವೇ ಓಡಿಸಿ ನೋಡಿ” ಎಂದೆ. ಶಿವಪ್ಪಣ್ಣ ಬೀಗದ ಕೈ ಕೊಟ್ಟರು. ಹ್ಯಾರಿ ಗೊಣಗುತ್ತ ಹತ್ತಿ, ಪಾರ್ಕ್ ರಾಯಲ್ ಒಂದು ಸುತ್ತು ಹಾಕಿ, ಕಿವಿಯೊಳಗೆ ಬೆರಳು ತಿರುವುತ್ತ ಇಳಿದರು. “ಕಳಚಿ ಹಾಕಿ ಅವನ್ನ” ಎಂದರು. ಡೆಸ್ಮಂಡ್ ಅಷ್ಟರಲ್ಲಿ ರೈಸ್ಲಿಪ್ ಕಡೆ ಕುದುರೆ ಲಾಯ ಇಟ್ಟುಕೊಂಡಿದ್ದವರೊಬ್ಬರಿಗೆ ಫೋನ್ ಮಾಡಿ ಮುಗಿಸಿದ್ದರು. ದಿನವಿಡೀ ಕೆಸರಲ್ಲೇ ಗಾಡಿ ಓಡಿಸುವ ಅವರಿಗೆ ಅವು ಹೇಳಿ ಮಾಡಿಸಿದ ಟೈರುಗಳು.

ಈಗ ಆರಿಸುವ ಸರದಿ. ಶಿವಪ್ಪಣ್ಣನಿಗೆ ಬರೀ ರಸ್ತೆಯ ಟೈರು ಹಾಕಿಸಲು ಮನಸ್ಸಿಲ್ಲ. “ಗೂಳಿಗೆ ಮತ್ತ ಕುರಿ ಕಾಲು ಹಚ್ಚಬ್ಯಾಡ” ಎಂದರು. ಹುಲ್ಲಿನ ಮೇಲೂ ಹೋಗಬೇಕಿತ್ತಲ್ಲ, ಎರಡರ ನಡುವಿನ ಆಲ್-ಟೆರೇನ್ ಸರಿ ಎಂದೆ. ಅದರಲ್ಲೂ ಹತ್ತು ಬಗೆ. ಮೂರನ್ನು ನೆಲದ ಮೇಲೆ ಉರುಳಿಸಿ ತೋರಿಸಿದೆ. ನಡುವಿನ ಗಡ್ಡೆಗಳು ಒಂದಕ್ಕೊಂದು ಹತ್ತಿರ ಇದ್ದು, ಪ್ರತಿ ಗಡ್ಡೆಯ ಮೇಲೂ ಬ್ಲೇಡಿನಿಂದ ಗೀರಿದಂಥ ಸಣ್ಣ ಸೀಳುಗಳಿದ್ದದ್ದನ್ನು ಎತ್ತಿ ನಿಲ್ಲಿಸಿದೆ. ಆ ಸೀಳುಗಳು ಒದ್ದೆ ರಸ್ತೆಯನ್ನು ಕಚ್ಚುತ್ತವೆ. ಗಡ್ಡೆ ಹತ್ತಿರ ಇದ್ದಷ್ಟೂ ಸದ್ದು ಕಡಿಮೆ. ಬದಿಯ ಗೋಡೆ ಮಾತ್ರ ದಪ್ಪ ಅಕ್ಷರ, ಹಲ್ಲು ಹಲ್ಲಾಗಿ ನೋಡಲು ಗಟ್ಟಿಮುಟ್ಟು. ಗಾಡಿ ಎತ್ತರಿಸಿದ್ದರೂ ಅಗಲ ಹೆಚ್ಚಿಸಲಿಲ್ಲ, ಕಂಪನಿ ಹೇಳಿದ ಅಳತೆಯೇ. ತುಂಬಿದ ಪಾತ್ರೆಗಳ ಭಾರ ಲೆಕ್ಕ ಹಾಕಿ ಹೊರುವ ಶಕ್ತಿಯ ಗುರುತು ನೋಡಿದೆ. ಡೆಸ್ಮಂಡ್ ಚಕ್ರಗಳ ನೇರ ಸರಿಪಡಿಸಿದರು. ಮೂತಿ ಎತ್ತಿದ್ದರಿಂದ ಎದುರಿನವರ ಕಣ್ಣಿಗೆ ಹೊಡೆಯುತ್ತಿದ್ದ ಹೆಡ್‌ಲೈಟನ್ನೂ ತಗ್ಗಿಸಿದರು. ಮುಂಭಾಗ ಎತ್ತಿಸಿದ್ದನ್ನು ಇನ್ಶೂರೆನ್ಸ್‌ನವರಿಗೆ ತಿಳಿಸಿ ಎಂದು ಶಿವಪ್ಪಣ್ಣನಿಂದ ಅಲ್ಲೇ ಫೋನ್ ಮಾಡಿಸಿದೆ.

ಕೊನೆಗೆ ಒಂದು ಮಾತು ಹೇಳಿದೆ. “ಅಣ್ಣಾರ, ಆ ತೋಟದ ಗೇಟಿನ ಹತ್ರ ಜೋರು ಮಳಿ ಆದ್ರ ಇವು ಸಿಕ್ಕೋಬಹುದು. ಹಳೀವು ಸಿಕ್ಕೋತಿರಲಿಲ್ಲ. ಇದನ್ನ ಈಗ ಹೇಳಾಕತ್ತೇನಿ, ಆಮ್ಯಾಲ ಹೇಳಿಲ್ಲ ಅನ್ನಬ್ಯಾಡ್ರಿ.” ಎಲ್ಲ ದಿನಕ್ಕೂ ಒಳ್ಳೆಯದಾದ ಟೈರು ಯಾವ ಕಂಪನಿಯೂ ಮಾಡಿಲ್ಲ. ಯಾವ ದಿನ ತೊಂದರೆಯಾದರೆ ನಡೆಯುತ್ತದೆ ಎಂಬುದನ್ನು ಗಿರಾಕಿಯೇ ತಿಳಿದು ಒಪ್ಪಬೇಕು. ನಾವು ಅದನ್ನು ಮುಚ್ಚಿಡಬಾರದು.

ಮುಂದಿನ ವಾರ ಶಿವಪ್ಪಣ್ಣ ಒಬ್ಬರೇ ಬಂದು, ಕೌಂಟರಿನ ಮೇಲೆ ಹೋಳಿಗೆಯ ಡಬ್ಬಿ ಇಟ್ಟರು. “ಹೇಳಿದ್ಲು” ಎಂದರು. “ವೆಸ್ಟರ್ನ್ ಅವೆನ್ಯೂ ಮ್ಯಾಲೆ ಹೇಳಿದ್ಲು. ಎರಡು ವರ್ಷದಿಂದ ಕೇಳಸವಲ್ದಂತ, ನಾ ಸಿಟ್ಟು ಅಂತ ತಿಳ್ಕೊಂಡಿದ್ದೆ ನೋಡು, ತಂಗೆವ್ವ. ನಾನೂ ಸಿಟ್ಟಿಗೆದ್ದು ಮಾತು ಬಿಟ್ಟಿದ್ದೆ. ಅಕಿಗೆ ಅದೂ ಕೇಳಿಸಿರಲಿಲ್ಲ!” ಎಂದು ಜೋರಾಗಿ ನಕ್ಕು, ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಮರುದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗುವವರಿದ್ದರು. ವೈನಿಗೆ ಕಿವಿಯ ಹಿಂದೆ ಇಟ್ಟುಕೊಳ್ಳುವ ಯಂತ್ರ ಬಂದದ್ದು ಆಮೇಲೆ. ಆ ದಿನದಿಂದ ಪಿಕ್‌ಅಪ್ ತಂದ ಪ್ರತಿ ಗಿರಾಕಿಗೂ ರಸ್ತೆ ಯಾವುದು, ಭಾರ ಎಷ್ಟು ಎಂದು ಕೇಳಿದ ಮೇಲೆ, ಪಕ್ಕದ ಸೀಟಿನಲ್ಲಿ ಯಾರು ಕೂರುತ್ತಾರೆ ಎಂದೂ ಕೇಳತೊಡಗಿದೆ. ಕೆಲವರು ವಿಚಿತ್ರವಾಗಿ ನೋಡುತ್ತಿದ್ದರು. ಹೆಚ್ಚಿನವರು ಒಂದು ಕ್ಷಣ ಯೋಚಿಸಿ ಬೇರೆ ಟೈರು ಕೇಳುತ್ತಿದ್ದರು.

ಹೇರ್‌ಫೀಲ್ಡಿನ ಮದುವೆಗೆ ನನ್ನನ್ನೂ ಮಾಧವನನ್ನೂ ಕರೆದಿದ್ದರು. ಧಾರವಾಡದವರ ಮಗಳು, ಬೆಂಗಳೂರಿನ ಹುಡುಗ. ಹಿಂದಿನ ಎರಡು ದಿನ ಬಿಡದೆ ಮಳೆ ಸುರಿದಿತ್ತು. ಅಕ್ಷತೆ ಮುಗಿದು ಜನ ಊಟಕ್ಕೆ ಕಾಯುತ್ತಿದ್ದಾಗ ಗೇಟಿನ ಕಡೆಯಿಂದ ಎಂಜಿನ್ ಏರಿಸುವ ಸದ್ದು ಕೇಳಿತು. ಸೀರೆಯ ನೆರಿಗೆ ಎತ್ತಿಕೊಂಡು ಓಡಿದೆ.

ಗಾಡಿ ಗೇಟು ದಾಟಿ ಹತ್ತು ಹೆಜ್ಜೆಗೆ ಹೂತಿತ್ತು. ಸೀಳುಗಳಿಗೆಲ್ಲ ಕೆಸರು ಮೆತ್ತಿ ಟೈರು ಹೋಳಿಗೆ ಹೂರಣದಷ್ಟು ನುಣ್ಣಗಾಗಿತ್ತು. ಹಿಂದೆ ಇನ್ನೂರು ಜನರ ಊಟ. ಶಿವಪ್ಪಣ್ಣ ಇಳಿದು ಟೈರು ನೋಡಿದರು, ನನ್ನನ್ನು ನೋಡಿದರು. ಬೈಸಿಕೊಳ್ಳಲು ನಾನು ತಯಾರಾಗಿ ನಿಂತೆ.

“ನೀ ಹೇಳಿದ್ದಿ. ನಾ ಒಪ್ಪಿದ್ದೆ” ಎಂದರು. “ಈಗ ಪಾತ್ರಿ ಹೊರೋರನ್ನ ಹುಡುಕು.”

ಹುಡುಕುವ ಕೆಲಸ ಬೀಳಲಿಲ್ಲ. ಮದುಮಗನ ಗೆಳೆಯರು, ಬೆಂಗಳೂರಿನಿಂದ ಬಂದು ಇಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದವರು, ಬೂಟು ಬಿಚ್ಚಿ ಪ್ಯಾಂಟು ಮಡಿಸಿಕೊಂಡು ಬಂದರು. “ಎಲ್ಲಿ ಹಿಡ್ಕೋಬೇಕು ಹೇಳಿ ಸರ್, ಬಿಸಿ ಇದ್ಯಾ?” ಎಂದು ಒಬ್ಬ. “ಬಿಸಿ ಇರದೆ ಏನು ಐಸ್ ಹಾಕಿ ತಂದೀನಾ?” ಎಂದು ಶಿವಪ್ಪಣ್ಣ. ಮಹಾದೇವಿ ವೈನಿ ಗಾಡಿಯ ಬಾಗಿಲ ಮೆಟ್ಟಿಲ ಮೇಲೆ ನಿಂತು ಯಾವ ಪಾತ್ರೆ ಮೊದಲು, ಯಾವುದು ಆಮೇಲೆ ಎಂದು ಅಪ್ಪಣೆ ಕೊಡತೊಡಗಿದರು. ಹುಲ್ಲಿನ ಮೇಲೆ ಗೇಟಿನಿಂದ ಡೇರೆಯವರೆಗೆ ರೇಷ್ಮೆ ಸೀರೆ, ಸೂಟು, ಪಂಚೆಗಳ ಸಾಲು. ರೊಟ್ಟಿಯ ಬುಟ್ಟಿ ಕೈಯಿಂದ ಕೈಗೆ ಹೋಯಿತು. ಮಾಧವ ಸಾರಿನ ಪಾತ್ರೆಯ ಒಂದು ಹಿಡಿ ಹಿಡಿದು ಜಾರಿ ಕೂತರು, ಪಾತ್ರೆ ಮಾತ್ರ ನೆಟ್ಟಗೆ ಹಿಡಿದಿದ್ದರು. ಊಟ ಅರ್ಧ ಗಂಟೆ ತಡವಾಯಿತು. ಅಷ್ಟು ಹಸಿದು, ಅಷ್ಟು ನಕ್ಕು ಉಂಡ ಮದುವೆ ಊಟ ನಾನು ಇನ್ನೊಂದು ಕಂಡಿಲ್ಲ. ಸಂಜೆ ರೈತ ಟ್ರ್ಯಾಕ್ಟರ್ ತಂದು ಗಾಡಿ ಎಳೆದುಕೊಟ್ಟ.

ಸೋಮವಾರ ಅಂಗಡಿಯಲ್ಲಿ ಹ್ಯಾರಿ ಮದುವೆ ಹೇಗಾಯಿತು ಎಂದು ಕೇಳಿದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಓದುತ್ತಿದ್ದ ಪತ್ರಿಕೆ ಕೆಳಗಿಟ್ಟರು.

“ಅಂದರೆ ಎರಡನೇ ಸಲವೂ ತಪ್ಪು ಟೈರು ಕೊಟ್ಟೆಯಾ?”

“ಇಲ್ಲ. ಸರಿಯಾದ ಟೈರೇ ಕೊಟ್ಟೆ” ಎಂದೆ.

ಆ ಮಾತು ಹೇಳುವಾಗ ನಾನು ಒಪ್ಪಿಗೆಗೆಂದು ಡೆಸ್ಮಂಡ್ ಕಡೆ ತಿರುಗಿ ನೋಡಲಿಲ್ಲ. ಹತ್ತು ವರ್ಷಕ್ಕೂ ಮಿಕ್ಕ ಕೆಲಸದಲ್ಲಿ ಅದೇ ಮೊದಲ ಸಲ. ಹ್ಯಾರಿ ನನ್ನನ್ನು ದಿಟ್ಟಿಸಿ ನೋಡಿ, ಆಮೇಲೆ ಅಂಗಳದಲ್ಲಿ ಆಗಷ್ಟೇ ಬಂದು ನಿಂತಿದ್ದ ಇನ್ನೊಂದು ಪಿಕ್‌ಅಪ್ ಕಡೆ ಗದ್ದ ಚಾಚಿದರು.

“ಹಾಗಾದರೆ ಅದನ್ನೂ ನೀನೇ ನೋಡು” ಎಂದರು.